ಲಾರ್ಡ್ ವಿಲಿಯಂ ಬೆಂಟಿಂಕ್: ಒಂದು ಜೀವನ, ಮೂರು ನಿರ್ಧಾರಗಳು

ನಮ್ಮ ಶಾಲಾದಿನಗಳ ಇತಿಹಾಸದ ಪರೀಕ್ಷೆಯಲ್ಲಿ ಒಂದು ಅಂಕದ ಪ್ರಶ್ನೆಯೊಂದು ತಪ್ಪದೆ ಬರುತ್ತಿತ್ತು: ಸತಿ ಪದ್ಧತಿಯನ್ನು ನಿಷೇಧಿಸಿದ ಗವರ್ನರ್ ಜನರಲ್ ಯಾರು? ಲಾರ್ಡ್ ವಿಲಿಯಂ ಬೆಂಟಿಂಕ್ ಎಂದು ಬರೆದು ಮುಂದಿನ ಪ್ರಶ್ನೆಗೆ ಹೋಗುತ್ತಿದ್ದೆವು. ಮೈಸೂರಿನ ಪಾಠಕ್ಕೆ ಬಂದಾಗ ಅದೇ ಹೆಸರು ಮತ್ತೆ ಎದುರಾಗುತ್ತಿತ್ತು. 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ರಾಜ್ಯಾಡಳಿತವನ್ನು ಕಸಿದುಕೊಂಡವರೂ ಇವರೇ. ಒಂದು ಪಾಠದಲ್ಲಿ ವಿಧವೆಯರ ಪ್ರಾಣ ಉಳಿಸಿದ ಪುಣ್ಯವಂತರು, ಇನ್ನೊಂದು ಪಾಠದಲ್ಲಿ ನಮ್ಮ ನಾಡಿನ ಅರಸರ ಅಧಿಕಾರ ಕಿತ್ತುಕೊಂಡ ಪರದೇಶಿ. ಎರಡು ಪಾಠಗಳಲ್ಲಿರುವುದು ಒಬ್ಬನೇ ಮನುಷ್ಯ ಎಂಬುದನ್ನು ನಾವು ಅಷ್ಟಾಗಿ ಯೋಚಿಸಲಿಲ್ಲ.

ಈ ಮನುಷ್ಯನ ಜೀವನವನ್ನು ಸಮಗ್ರವಾಗಿ ನೋಡಿದರೆ ಮೂರು ನಿರ್ಧಾರಗಳು ಮುಖ್ಯವಾಗಿ ಎದ್ದು ಕಾಣುತ್ತವೆ. 1806ರಲ್ಲಿ ವೆಲ್ಲೂರಿನಲ್ಲಿ ಒಂದು, 1829ರಲ್ಲಿ ಕಲ್ಕತ್ತೆಯಲ್ಲಿ ಒಂದು, 1831ರಲ್ಲಿ ಮೈಸೂರಿನ ವಿಷಯದಲ್ಲಿ ಒಂದು. ಆಳುವವನು ನಿರ್ಧರಿಸುವ ಮುನ್ನ ಯಾರ ಮಾತನ್ನು ಕೇಳುತ್ತಾನೆ, ಯಾರ ಮಾತನ್ನು ಕೇಳುವುದಿಲ್ಲ ಎಂಬ ಪ್ರಶ್ನೆಗೆ ಈ ಮೂರೂ ಸೇರಿ ಉತ್ತರ ಹೇಳುತ್ತವೆ.

ಡ್ಯೂಕರ ಮನೆಯ ಎರಡನೆಯ ಮಗ

ವಿಲಿಯಂ ಬೆಂಟಿಂಕರು 1774ರ ಸೆಪ್ಟೆಂಬರ್ 14ರಂದು ಇಂಗ್ಲೆಂಡಿನ ಅತಿ ದೊಡ್ಡ ಶ್ರೀಮಂತ ಮನೆತನಗಳಲ್ಲೊಂದರಲ್ಲಿ ಜನಿಸಿದರು. ತಂದೆ ಪೋರ್ಟ್‌ಲ್ಯಾಂಡಿನ ಮೂರನೆಯ ಡ್ಯೂಕ್. ಎರಡು ಬಾರಿ ಬ್ರಿಟನ್ನಿನ ಪ್ರಧಾನಮಂತ್ರಿಯಾದವರು. ತಾಯಿ ಡೆವನ್‌ಷೈರಿನ ಡ್ಯೂಕರ ಮಗಳು. ಆದರೆ ಅಲ್ಲಿಯ ಪದ್ಧತಿಯಂತೆ ಪದವಿಯೂ ಜಮೀನೂ ಹಿರಿಯ ಮಗನಿಗೆ ಸಲ್ಲುತ್ತಿದ್ದವು. ಎರಡನೆಯ ಮಗನಾದವನು ಸೇನೆಯಲ್ಲೋ, ಚರ್ಚಿನಲ್ಲೋ, ಸರ್ಕಾರದಲ್ಲೋ ತನ್ನ ದಾರಿಯನ್ನು ತಾನೇ ಕಂಡುಕೊಳ್ಳಬೇಕಾಗಿತ್ತು. ವಿಲಿಯಂ 1791ರಲ್ಲಿ, ಹದಿನಾರನೆಯ ವಯಸ್ಸಿನಲ್ಲಿ, ಸೈನ್ಯ ಸೇರಿದರು. ಫ್ಲಾಂಡರ್ಸಿನಲ್ಲಿಯೂ ಉತ್ತರ ಇಟಲಿಯಲ್ಲಿಯೂ ಫ್ರೆಂಚರ ವಿರುದ್ಧದ ಯುದ್ಧಗಳನ್ನು ಕಂಡರು.

1803ರಲ್ಲಿ ಅವರು ಗೋಸ್‌ಫೋರ್ಡಿನ ಅರ್ಲ್ ಅವರ ಮಗಳು ಲೇಡಿ ಮೇರಿಯವರನ್ನು ವಿವಾಹವಾದರು. ಅದೇ ವರ್ಷ ಮದ್ರಾಸ್ ಪ್ರಾಂತ್ಯದ ಗವರ್ನರ್ ಪದವಿ ದೊರೆಯಿತು. ಮದ್ರಾಸಿನಲ್ಲಿ ಅಧಿಕಾರ ವಹಿಸಿಕೊಂಡಾಗ ಅವರಿಗೆ ಇನ್ನೂ ಇಪ್ಪತ್ತೊಂಬತ್ತು ತುಂಬಿರಲಿಲ್ಲ. ಈ ನಾಡಿನ ಭಾಷೆಯಾಗಲಿ ಜನರಾಗಲಿ ಅವರಿಗೆ ಪರಿಚಿತರಲ್ಲ. ಆದರೂ ಲಕ್ಷಾಂತರ ಜನರ ಭಾಗ್ಯ ಅವರ ಸಹಿಯ ಅಡಿಯಲ್ಲಿತ್ತು. ಮನೆತನದ ಹೆಸರು ಅಂದು ಅಂಥ ಬಾಗಿಲುಗಳನ್ನು ತೆರೆಯುತ್ತಿತ್ತು.

ವೆಲ್ಲೂರಿನ ಪೇಟ

ಮದ್ರಾಸ್ ಸೈನ್ಯದ ಸೇನಾಧಿಪತಿ ಸರ್ ಜಾನ್ ಕ್ರಾಡಕ್ ಸಿಪಾಯಿಗಳ ಉಡುಪಿನಲ್ಲಿ ಏಕರೂಪತೆ ತರಲು ಹೊರಟರು. ಕವಾಯತಿಗೆ ಬರುವಾಗ ಹಣೆಯ ಮೇಲೆ ಜಾತಿಯ ಅಥವಾ ಮತದ ಗುರುತು ಇರಕೂಡದು, ಗಡ್ಡ ತೆಗೆಯಬೇಕು, ಮೀಸೆ ಒಂದೇ ಮಾದರಿಯದಾಗಿರಬೇಕು, ತಲೆಗೆ ಹೊಸ ಬಗೆಯ ಪೇಟ ಧರಿಸಬೇಕು. ಆ ಪೇಟ ಯುರೋಪಿಯನ್ನರ ಟೋಪಿಯನ್ನು ಹೋಲುತ್ತಿತ್ತು. ಅದಕ್ಕೆ ಚರ್ಮದ ಅಲಂಕಾರವೊಂದಿತ್ತು. ಆ ಚರ್ಮ ಯಾವ ಪ್ರಾಣಿಯದು ಎಂಬ ಸಂಶಯ ಹಿಂದೂ ಸಿಪಾಯಿಯನ್ನೂ ಮುಸ್ಲಿಂ ಸಿಪಾಯಿಯನ್ನೂ ಸಮಾನವಾಗಿ ಕಾಡಿತು. ತಮ್ಮನ್ನು ಬಲವಂತದಿಂದ ಕ್ರೈಸ್ತರನ್ನಾಗಿ ಮಾಡುವ ಹಂಚಿಕೆ ಇದು ಎಂಬ ಮಾತು ದಂಡಿನಿಂದ ದಂಡಿಗೆ ಹರಡಿತು.

1806ರ ಮೇ ತಿಂಗಳಲ್ಲಿಯೇ ವೆಲ್ಲೂರಿನ ಸಿಪಾಯಿಗಳು ಆ ಪೇಟವನ್ನು ಧರಿಸಲು ಒಪ್ಪಲಿಲ್ಲ. ಉತ್ತರವಾಗಿ ಅವರಿಗೆ ದೊರೆತದ್ದು ಚಾಟಿಯೇಟು. ಮುಂದೆ ಸೇನಾಧಿಪತಿಗೇ ಸಂದೇಹ ಹುಟ್ಟಿ ವಿಷಯ ಗವರ್ನರರ ಮುಂದೆ ಬಂದಾಗಲೂ ಆದೇಶವನ್ನು ಹಿಂತೆಗೆದುಕೊಳ್ಳಲಿಲ್ಲ. ಹಿಂತೆಗೆದರೆ ಸರ್ಕಾರದ ಗೌರವಕ್ಕೆ ಕುಂದು ಎಂಬ ಭಾವನೆ ಗೆದ್ದಿತು. ಜುಲೈ 10ರ ನಸುಕಿನಲ್ಲಿ ವೆಲ್ಲೂರಿನ ಕೋಟೆ ಹೊತ್ತಿ ಉರಿಯಿತು. ನೂರಕ್ಕೂ ಹೆಚ್ಚು ಯುರೋಪಿಯನ್ ಸೈನಿಕರೂ ಅಧಿಕಾರಿಗಳೂ ಹತರಾದರು. ಕೋಟೆಯಲ್ಲಿ ಟಿಪ್ಪು ಸುಲ್ತಾನರ ಮಕ್ಕಳನ್ನು ಇರಿಸಲಾಗಿತ್ತು. ದಂಗೆಕೋರರು ಅವರ ಹೆಸರನ್ನು ಕೂಗಿದರು. ಕೆಲವೇ ಗಂಟೆಗಳಲ್ಲಿ ಆರ್ಕಾಟಿನಿಂದ ಧಾವಿಸಿ ಬಂದ ಕರ್ನಲ್ ಗಿಲೆಸ್ಪಿಯ ಅಶ್ವದಳ ಕೋಟೆಯನ್ನು ಮರಳಿ ವಶಪಡಿಸಿಕೊಂಡಿತು. ಆ ಪ್ರತೀಕಾರದಲ್ಲಿ ಸತ್ತ ಸಿಪಾಯಿಗಳು ನೂರಾರು ಮಂದಿ.

ಜಾತಿಚಿಹ್ನೆಯ ನಿಷೇಧ ಹೊಸದೆಂಬುದನ್ನು ಯಾರೂ ತಮ್ಮ ಗಮನಕ್ಕೆ ತರಲಿಲ್ಲ ಎಂಬುದು ಬೆಂಟಿಂಕರ ವಾದವಾಗಿತ್ತು. ಇರಬಹುದು. ಆದರೆ ಪೇಟ ಧರಿಸಬೇಕಾದವನ ಮನಸ್ಸಿನಲ್ಲಿ ಏನಿದೆ ಎಂದು ಕೇಳಿ ತಿಳಿಯುವ ದಾರಿ ಗವರ್ನರರ ಮೇಜಿನಿಂದ ವೆಲ್ಲೂರಿನ ಕವಾಯತು ಮೈದಾನದವರೆಗೆ ಎಲ್ಲಿಯೂ ಇರಲಿಲ್ಲ. 1807ರಲ್ಲಿ ಲಂಡನ್ನಿನ ಕಂಪನಿ ನಿರ್ದೇಶಕರು ಬೆಂಟಿಂಕ್ ಮತ್ತು ಕ್ರಾಡಕ್ ಇಬ್ಬರನ್ನೂ ಹಿಂದಕ್ಕೆ ಕರೆಸಿಕೊಂಡರು. ಅದೇ ವರ್ಷ ಬೆಂಟಿಂಕರ ತಂದೆ ಎರಡನೆಯ ಬಾರಿ ಪ್ರಧಾನಮಂತ್ರಿಯಾಗಿದ್ದರು. ಆ ಪ್ರಭಾವವೂ ಮಗನನ್ನು ಉಳಿಸಲಿಲ್ಲ.

ಇಪ್ಪತ್ತು ವರ್ಷಗಳ ಕಾಯುವಿಕೆ

ತಮಗೆ ಅನ್ಯಾಯವಾಯಿತೆಂಬ ನೋವು ಬೆಂಟಿಂಕರನ್ನು ಬಹುಕಾಲ ಕಾಡಿತು. ತಮ್ಮ ಸಮರ್ಥನೆಗಾಗಿ ಅವರು ಪುಸ್ತಕವೊಂದನ್ನೇ ಪ್ರಕಟಿಸಿದರು. ಸ್ಪೇನಿನಲ್ಲಿ ಹೋರಾಡಿದರು. 1811ರಿಂದ 1814ರವರೆಗೆ ಸಿಸಿಲಿಯಲ್ಲಿ ಬ್ರಿಟಿಷ್ ಸೇನೆಯ ಮುಖ್ಯಸ್ಥರೂ ರಾಯಭಾರಿಯೂ ಆಗಿದ್ದು, ಅಲ್ಲಿಯ ಅರಸರು 1812ರಲ್ಲಿ ಬ್ರಿಟಿಷ್ ಮಾದರಿಯ ಸಂವಿಧಾನವೊಂದನ್ನು ಒಪ್ಪುವಂತೆ ಒತ್ತಡ ತಂದರು. ಆ ಸಂವಿಧಾನ ಹೆಚ್ಚು ಕಾಲ ಬಾಳಲಿಲ್ಲ. ನಂತರ ಪಾರ್ಲಿಮೆಂಟಿನ ಸದಸ್ಯರಾಗಿದ್ದರು. ನಾರ್ಫೋಕಿನ ಜೌಗು ನೆಲವನ್ನು ಸಾಗುವಳಿಗೆ ತರುವ ಸಾಹಸದಲ್ಲಿ ಸಾಲವನ್ನೂ ಮಾಡಿಕೊಂಡರು. ಈ ಅವಧಿಯಲ್ಲಿ ಪತಿಪತ್ನಿಯರಿಬ್ಬರೂ ಇವಾಂಜೆಲಿಕಲ್ ಪಂಥದ ಕ್ರೈಸ್ತ ಭಕ್ತಿಯ ಕಡೆಗೆ ಹೆಚ್ಚು ಹೆಚ್ಚು ಒಲಿದರು. ಅವರಿಗೆ ಮಕ್ಕಳಿರಲಿಲ್ಲ.

1828ರ ಜುಲೈನಲ್ಲಿ, ಐವತ್ತಮೂರನೆಯ ವಯಸ್ಸಿನಲ್ಲಿ, ಬೆಂಟಿಂಕರು ಗವರ್ನರ್ ಜನರಲ್ ಆಗಿ ಕಲ್ಕತ್ತೆಗೆ ಬಂದಿಳಿದರು. ಬರ್ಮಾ ಯುದ್ಧದಿಂದ ಕಂಪನಿಯ ಬೊಕ್ಕಸ ಬರಿದಾಗಿತ್ತು. ವೆಚ್ಚ ತಗ್ಗಿಸುವುದೇ ಅವರಿಗೆ ಒಪ್ಪಿಸಿದ ಮೊದಲ ಕೆಲಸ. ಯುರೋಪಿಯನ್ ಸೇನಾಧಿಕಾರಿಗಳ ಭತ್ಯೆಯನ್ನು ಕಡಿತಗೊಳಿಸಿದಾಗ ಅವರದೇ ಜನ ಅವರನ್ನು ದ್ವೇಷಿಸಿದರು. ಅಂಥ ಸಮಯದಲ್ಲಿ ಸತಿಯ ಪ್ರಶ್ನೆ ಅವರ ಮುಂದೆ ಬಂದಿತು.

ಕೇಳಿ ಮಾಡಿದ ಕಾನೂನು

ಸತಿಯ ವಿಷಯದಲ್ಲಿ ಕಂಪನಿ ಸರ್ಕಾರದ ನೀತಿ ಅದುವರೆಗೆ ವಿಚಿತ್ರವಾಗಿತ್ತು. 1813ರಿಂದ ಜಾರಿಗೆ ಬಂದ ಸೂಚನೆಗಳ ಪ್ರಕಾರ, ವಿಧವೆ ಸ್ವಇಚ್ಛೆಯಿಂದ ಚಿತೆಯೇರುವುದಾದರೆ ಅದಕ್ಕೆ ಅಡ್ಡಿಯಿಲ್ಲ. ಬಲಾತ್ಕಾರ ನಡೆಯುತ್ತಿಲ್ಲವೆಂದು ಪೋಲೀಸರು ನಿಂತು ನೋಡಬೇಕು, ಲೆಕ್ಕ ಬರೆದಿಡಬೇಕು. ಆ ಲೆಕ್ಕದಂತೆ 1815ರಿಂದ 1828ರವರೆಗೆ ಬಂಗಾಳ ಪ್ರಾಂತ್ಯದಲ್ಲಿ ಸುಟ್ಟುಹೋದ ಹೆಂಗಸರು 8,134. 1818ರ ಒಂದೇ ವರ್ಷದಲ್ಲಿ 839. ಸರ್ಕಾರದ ಕಾವಲುಗಾರ ಚಿತೆಯ ಪಕ್ಕದಲ್ಲಿ ನಿಂತದ್ದು ಆ ಆಚರಣೆಗೆ ಸರ್ಕಾರವೇ ಒಪ್ಪಿಗೆಯ ಮುದ್ರೆ ಒತ್ತಿದಂತಾಗಿತ್ತು. ಹಿಂದಿನ ಗವರ್ನರ್ ಜನರಲ್‌ಗಳಿಗೂ ಇದು ತಪ್ಪೆಂದು ಗೊತ್ತಿತ್ತು. ಮುಟ್ಟಿದರೆ ಸೈನ್ಯ ದಂಗೆ ಏಳಬಹುದೆಂಬ ಭಯದಿಂದ ಅವರು ಸುಮ್ಮನಿದ್ದರು. ಆ ಭಯ ಎಷ್ಟು ನಿಜವಾಗಬಲ್ಲದೆಂದು ವೆಲ್ಲೂರನ್ನು ಅನುಭವಿಸಿದ ಬೆಂಟಿಂಕರಷ್ಟು ಬಲ್ಲವರು ಬೇರೆ ಯಾರಿದ್ದರು?

ಈ ಬಾರಿ ಅವರು ಮೊದಲು ಕೇಳಿದರು. ಸಿಪಾಯಿಗಳ ಮನಸ್ಸನ್ನು ಬಲ್ಲ 49 ಸೇನಾಧಿಕಾರಿಗಳಿಗೆ ಗುಟ್ಟಾಗಿ ಪತ್ರ ಬರೆದು ಅಭಿಪ್ರಾಯ ತರಿಸಿಕೊಂಡರು. ಯಾವ ಹಸ್ತಕ್ಷೇಪವೂ ಬೇಡವೆಂದವರು ಐದು ಮಂದಿ ಮಾತ್ರ. ಕೂಡಲೇ ಸಂಪೂರ್ಣ ನಿಷೇಧಿಸಬಹುದೆಂದವರು 24 ಮಂದಿ. ಉಳಿದವರು ನಡುವಿನ ದಾರಿಗಳನ್ನು ಸೂಚಿಸಿದರು. ನ್ಯಾಯಾಧೀಶರನ್ನು ಕೇಳಿದರು. 463 ಸತಿಗಳ ಪೈಕಿ 420 ಬಂಗಾಳ, ಬಿಹಾರ, ಒರಿಸ್ಸಾಗಳಲ್ಲಿಯೇ ನಡೆದಿರುವುದನ್ನು ಲೆಕ್ಕದಲ್ಲಿ ಗುರುತಿಸಿದರು. ಸೈನ್ಯಕ್ಕೆ ಹೆಚ್ಚಾಗಿ ಜನ ಬರುತ್ತಿದ್ದುದು ಆ ಭಾಗದಿಂದಲ್ಲ, ಇನ್ನೂ ಪಶ್ಚಿಮದ ಸೀಮೆಗಳಿಂದ. ಹಾಗಾಗಿ ದಂಗೆಯ ಭಯಕ್ಕೆ ಆಧಾರ ಕಡಿಮೆಯೆಂಬ ತೀರ್ಮಾನಕ್ಕೆ ಬಂದರು.

ರಾಜಾರಾಮ ಮೋಹನ ರಾಯರನ್ನೂ ಕೇಳಿದರು. 1818ರಿಂದಲೇ ಸತಿಯ ವಿರುದ್ಧ ಬರೆಯುತ್ತಿದ್ದ ರಾಯರು ಕಾನೂನನ್ನು ತಕ್ಷಣ ಬೆಂಬಲಿಸಬಹುದೆಂದು ನಾವು ಎಣಿಸುತ್ತೇವೆ. ಆದರೆ ಅವರು ಕೊಟ್ಟ ಸಲಹೆ ಬೇರೆ. ನೇರ ನಿಷೇಧ ಬೇಡ. ಪೋಲೀಸರ ಮೂಲಕ ತೊಡಕುಗಳನ್ನು ಹೆಚ್ಚಿಸುತ್ತಾ ಸದ್ದಿಲ್ಲದೆ ಅದನ್ನು ನಿಲ್ಲಿಸಿರಿ. ಇಲ್ಲವಾದರೆ ಇಂದು ಸತಿ, ನಾಳೆ ನಮ್ಮ ಧರ್ಮ ಎಂದು ಜನ ಅಂಜುತ್ತಾರೆ ಎಂದರು. ಬೆಂಟಿಂಕರು ಆ ಮಾತನ್ನು ಗೌರವದಿಂದ ದಾಖಲಿಸಿಕೊಂಡರು, ಆದರೆ ಒಪ್ಪಲಿಲ್ಲ. ಮರೆಯ ಮಾರ್ಗ ಸಂಶಯವನ್ನು ಹೆಚ್ಚಿಸುತ್ತದೆ, ನೇರವಾದ ಮಾತೇ ಮೇಲು ಎಂಬುದು ಅವರ ಅಭಿಪ್ರಾಯ.

1829ರ ನವೆಂಬರ್ 8ರಂದು ಅವರು ಬರೆದ ಟಿಪ್ಪಣಿ ಇಂದಿಗೂ ಓದಲು ಯೋಗ್ಯವಾದದ್ದು. ತಡೆಯುವ ಶಕ್ತಿಯಿದ್ದೂ ವರ್ಷ ವರ್ಷವೂ ನೂರಾರು ನಿರಪರಾಧಿಗಳ ಸಾವಿಗೆ ಒಪ್ಪುವುದು ಭಯಂಕರ ಹೊಣೆ. ತಡೆಯಲು ಹೋಗಿ ಸಾಮ್ರಾಜ್ಯವನ್ನೇ ಅಪಾಯಕ್ಕೆ ಒಡ್ಡುವುದೂ ಭಯಂಕರ ಹೊಣೆ ಎಂದು ಅವರು ಎರಡು ಕಡೆಯನ್ನೂ ತೂಗುತ್ತಾರೆ. ದೃಢ ಕ್ರೈಸ್ತರಾಗಿದ್ದ ಅವರು ಈ ಕ್ರಮದ ಹಿಂದೆ ಮತಾಂತರದ ಯಾವ ಉದ್ದೇಶವೂ ಇಲ್ಲವೆಂದೂ, ತಾವು ಹಿಂದೂಗಳಿಗಾಗಿ ಶಾಸನ ಮಾಡುವವನಾಗಿ ಬರೆಯುತ್ತಿರುವುದಾಗಿಯೂ ಸ್ಪಷ್ಟಪಡಿಸುತ್ತಾರೆ. ಡಿಸೆಂಬರ್ 4ರಂದು ಹದಿನೇಳನೆಯ ರೆಗ್ಯುಲೇಷನ್ ಜಾರಿಗೆ ಬಂದಿತು. ಸತಿಗೆ ನೆರವಾಗುವುದು ಅಂದಿನಿಂದ ಕೊಲೆಗೆ ಸಮಾನವಾದ ಅಪರಾಧವಾಯಿತು.

ಕಾನೂನನ್ನು ಬಂಗಾಳಿಗೆ ಭಾಷಾಂತರಿಸುವ ಕೆಲಸ ಸೆರಾಂಪುರದ ಮಿಷನರಿ ವಿಲಿಯಂ ಕೇರಿಯವರ ಪಾಲಿಗೆ ಬಂದಿತು. 1817ರಲ್ಲಿ ಕನ್ನಡ ವ್ಯಾಕರಣವೊಂದನ್ನು ಪ್ರಕಟಿಸಿದ ಕೇರಿಯವರು ಇವರೇ. ಕಾಗದ ಕೈಸೇರಿದ್ದು ಭಾನುವಾರ ಬೆಳಿಗ್ಗೆ. ಅಂದಿನ ಪ್ರಸಂಗವನ್ನು ಬೇರೆಯವರಿಗೆ ಒಪ್ಪಿಸಿ ಅವರು ಭಾಷಾಂತರಕ್ಕೆ ಕುಳಿತರೆಂದೂ, ಒಂದು ಗಂಟೆ ತಡವಾದರೆ ಒಬ್ಬ ವಿಧವೆಯ ಪ್ರಾಣ ಹೋದೀತೆಂಬ ಆತುರದಿಂದ ಸಂಜೆಯೊಳಗೆ ಮುಗಿಸಿದರೆಂದೂ ಅವರ ಜೀವನಚರಿತ್ರೆಕಾರರು ಬರೆದಿದ್ದಾರೆ.

ದಂಗೆ ಏಳಲಿಲ್ಲ. ವಿರೋಧ ಬಂದದ್ದು ಅರ್ಜಿಗಳ ರೂಪದಲ್ಲಿ. ಸಂಪ್ರದಾಯಸ್ಥರ ಮೇಲ್ಮನವಿಯನ್ನು ಲಂಡನ್ನಿನ ಪ್ರಿವಿ ಕೌನ್ಸಿಲ್ 1832ರಲ್ಲಿ ತಳ್ಳಿಹಾಕಿತು. ಎಚ್ಚರಿಕೆ ನೀಡಿದ್ದ ರಾಮ ಮೋಹನ ರಾಯರೇ ಕಾನೂನು ಬಂದ ಮೇಲೆ ಅದರ ಬೆನ್ನಿಗೆ ನಿಂತರು. 1830ರಲ್ಲಿ ಬೆಂಟಿಂಕರಿಗೆ ಅಭಿನಂದನಾ ಪತ್ರವನ್ನು ಅರ್ಪಿಸಿದವರಲ್ಲಿ ಅವರೇ ಮುಂದಾಳು.

ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಸೇನಾಧಿಕಾರಿಗಳನ್ನು, ನ್ಯಾಯಾಧೀಶರನ್ನು, ಪಂಡಿತರನ್ನು ಕೇಳಿದ ಆ ದೊಡ್ಡ ಸಮಾಲೋಚನೆಯಲ್ಲಿ ಹೆಣ್ಣಿನ ದನಿ ಕೇಳಿಸುವುದಿಲ್ಲ. ಚಿತೆಯ ಎದುರು ನಿಂತ ವಿಧವೆಯ ಪರವಾಗಿ ಎಲ್ಲರೂ ಮಾತನಾಡಿದರು. ಅವಳನ್ನು ಮಾತನಾಡಿಸಿದವರು ವಿರಳ. ಕಾನೂನು ಅವಳ ಪ್ರಾಣ ಉಳಿಸಿತು. ಉಳಿದ ಆ ಜೀವನವನ್ನು ಅವಳು ಹೇಗೆ ಸಾಗಿಸಬೇಕೆಂಬ ಪ್ರಶ್ನೆ ಮುಂದಿನ ತಲೆಮಾರುಗಳಿಗೆ ಉಳಿಯಿತು. ವಿಧವಾ ಪುನರ್ವಿವಾಹಕ್ಕೆ ಕಾನೂನಿನ ಮಾನ್ಯತೆ ದೊರೆತದ್ದು 1856ರಲ್ಲಿ.

ಕೇಳದೆ ಹೋದ ಮೈಸೂರು

ಇನ್ನು ನಮ್ಮ ನಾಡಿನ ಕಥೆ. 1799ರಲ್ಲಿ ಟಿಪ್ಪು ಸುಲ್ತಾನರ ಪತನದ ನಂತರ ಬ್ರಿಟಿಷರು ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮೈಸೂರಿನ ಸಿಂಹಾಸನವನ್ನು ಮರಳಿ ಕೊಟ್ಟರು. ಒಪ್ಪಂದದ ಪ್ರಕಾರ ಮೈಸೂರು ವರ್ಷಕ್ಕೆ ಏಳು ಲಕ್ಷ ವರಹಗಳ ಪೊಗದಿಯನ್ನು ಕಂಪನಿಗೆ ಸಲ್ಲಿಸಬೇಕಾಗಿತ್ತು. ದಿವಾನ್ ಪೂರ್ಣಯ್ಯನವರ ನಂತರ ಅರಸರು ಸ್ವತಃ ಆಡಳಿತ ವಹಿಸಿಕೊಂಡರು. ಕಾಲಕ್ರಮದಲ್ಲಿ ಅರಮನೆಯ ವೆಚ್ಚ ಬೆಳೆಯಿತು, ಸಾಲ ಏರಿತು, ಕಂದಾಯ ಗುತ್ತಿಗೆ ಹಿಡಿದವರ ಕಾಟ ಹೆಚ್ಚಿತು. 1830ರಲ್ಲಿ ಮಲೆನಾಡಿನ ನಗರ ಸೀಮೆಯ ರೈತರು ಬಂಡೆದ್ದರು. ಬಂಡಾಯ ಅಡಗಿಸಲು ಕಂಪನಿಯ ಸೈನ್ಯ ಬರಬೇಕಾಯಿತು.

1831ರ ಸೆಪ್ಟೆಂಬರ್ 7ರಂದು ಬೆಂಟಿಂಕರು ಅರಸರಿಗೆ ಪತ್ರ ಬರೆದು ಆಡಳಿತವನ್ನು ಕಂಪನಿಗೆ ಒಪ್ಪಿಸಬೇಕೆಂದು ತಿಳಿಸಿದರು. ಅವರು ಆಗ ಇದ್ದುದು ದೂರದ ಸಿಮ್ಲಾದಲ್ಲಿ, ಹಿಮಾಲಯದ ಮಡಿಲಲ್ಲಿ. ಮುಂದೆ ಇದ್ದದ್ದು ಮದ್ರಾಸಿನಿಂದ ಬಂದ ವರದಿಗಳು ಮಾತ್ರ. ಅರಸರ ಉತ್ತರವನ್ನು ಕೇಳಿರಲಿಲ್ಲ. ಸ್ಥಳದಲ್ಲಿ ಸ್ವತಂತ್ರ ವಿಚಾರಣೆ ನಡೆದಿರಲಿಲ್ಲ. ಅಕ್ಟೋಬರ್ 19ರಂದು ಒಡೆಯರು ಪ್ರತಿಭಟನೆಯಿಲ್ಲದೆ ಅಧಿಕಾರ ಬಿಟ್ಟುಕೊಟ್ಟರು.

ವಿಚಾರಣೆ ನಡೆದದ್ದು ಶಿಕ್ಷೆಯಾದ ಮೇಲೆ. ಬೆಂಟಿಂಕರೇ ನೇಮಿಸಿದ ನಾಲ್ವರ ಸಮಿತಿ 1833ರ ಡಿಸೆಂಬರಿನಲ್ಲಿ ವರದಿ ಕೊಟ್ಟಿತು. ಆಡಳಿತದಲ್ಲಿ ದೋಷಗಳಿದ್ದುದು ನಿಜ, ಆದರೆ ಮೊದಲು ಬಂದ ವರದಿಗಳಲ್ಲಿ ಉತ್ಪ್ರೇಕ್ಷೆ ಬಹಳವಿತ್ತು ಎಂಬುದು ಅದರ ಸಾರ. ಆ ಸಮಿತಿಯ ಸದಸ್ಯರಲ್ಲೊಬ್ಬರಾದ ಮಾರ್ಕ್ ಕಬ್ಬನ್ ಮುಂದೆ ಕಮಿಷನರ್ ಆಗಿ 1861ರವರೆಗೆ ಮೈಸೂರನ್ನು ಆಳಿದರು.

1834ರಲ್ಲಿ ದಕ್ಷಿಣಕ್ಕೆ ಬಂದು ಉದಕಮಂಡಲದಲ್ಲಿ ಕೆಲವು ತಿಂಗಳು ತಂಗಿದ್ದ ಬೆಂಟಿಂಕರು ವರದಿಯನ್ನು ಓದಿ ತಮ್ಮ ಕೃತ್ಯವನ್ನು ತಾವೇ ಪರಿಶೀಲಿಸಿದರು. ಲಂಡನ್ನಿಗೆ ಅವರು ಬರೆದ ಪತ್ರದಲ್ಲಿ ಅಪರೂಪದ ಪ್ರಾಮಾಣಿಕತೆಯಿದೆ. ಪೊಗದಿಗೆ ಧಕ್ಕೆ ಬಂದರೆ ಮಾತ್ರ ಒಪ್ಪಂದದಂತೆ ರಾಜ್ಯವನ್ನು ವಶಕ್ಕೆ ತೆಗೆದುಕೊಳ್ಳಬಹುದಿತ್ತು. ಪೊಗದಿಗೆ ಅಂಥ ತುರ್ತು ಅಪಾಯ ಕಾಣದು. ವಶಪಡಿಸಿಕೊಂಡದ್ದು ದುರಾಡಳಿತದ ಕಾರಣಕ್ಕೆ. ಆದ್ದರಿಂದ ನಾವು ಮಾಡಿದ್ದು ಕಾನೂನಿಗೂ ನ್ಯಾಯಕ್ಕೂ ಸರಿಹೊಂದುವುದೇ ಎಂಬ ಸಂದೇಹ ನನಗಿದೆ ಎಂಬ ಅರ್ಥದಲ್ಲಿ ಅವರು ಬರೆದರು. ರಾಜ್ಯದ ಒಂದು ಭಾಗವನ್ನಾದರೂ ಅರಸರಿಗೆ ಹಿಂದಿರುಗಿಸಬೇಕೆಂದು ಶಿಫಾರಸು ಮಾಡಿದರು. ತಮ್ಮ ಭಾರತದ ಆಡಳಿತದಲ್ಲಿ ದುಃಖದಿಂದ ನೆನೆಯುವ ಕೃತ್ಯವೆಂದರೆ ಇದೊಂದೇ ಎಂದು ಅವರು ಹೇಳಿದ್ದರೆಂಬುದನ್ನೂ ನಂತರದ ಬರಹಗಾರರು ಉಲ್ಲೇಖಿಸಿದ್ದಾರೆ.

ಲಂಡನ್ ಒಪ್ಪಲಿಲ್ಲ. ಒಂದು ಪತ್ರದಿಂದ ಕೆಲವೇ ವಾರಗಳಲ್ಲಿ ಹೋದ ಅಧಿಕಾರ ಮರಳಿ ಬರಲು ಐವತ್ತು ವರ್ಷ ಬೇಕಾಯಿತು. ಅರಸರು ಅರ್ಜಿಯ ಮೇಲೆ ಅರ್ಜಿ ಸಲ್ಲಿಸುತ್ತಲೇ 1868ರಲ್ಲಿ ತೀರಿಕೊಂಡರು. 1881ರಲ್ಲಿ ರಾಜ್ಯ ಮರಳಿ ದೊರೆತದ್ದು ಅವರ ದತ್ತುಪುತ್ರ ಚಾಮರಾಜೇಂದ್ರ ಒಡೆಯರಿಗೆ.

ಬೆಂಟಿಂಕರ ಪಶ್ಚಾತ್ತಾಪವನ್ನು ಮಿತಿಮೀರಿ ಹೊಗಳುವಂತಿಲ್ಲ. ಅದೇ 1834ರಲ್ಲಿ ಕೊಡಗಿನ ಮೇಲೆ ಸೈನ್ಯ ನಡೆಯಿತು. ಚಿಕವೀರ ರಾಜೇಂದ್ರರನ್ನು ಪದಚ್ಯುತಗೊಳಿಸಿ, ಜನರ ಒಮ್ಮತದ ಇಚ್ಛೆಯೆಂದು ಘೋಷಿಸಿ, ಕೊಡಗನ್ನು ಕಂಪನಿಯ ರಾಜ್ಯಕ್ಕೆ ಸೇರಿಸಿಕೊಳ್ಳಲಾಯಿತು. ಒಂದು ನೆರೆನಾಡಿನ ವಿಷಯದಲ್ಲಿ ಮನಸ್ಸು ಕುಟುಕುತ್ತಿದ್ದಾಗಲೇ ಇನ್ನೊಂದು ನೆರೆನಾಡು ನಕ್ಷೆಯ ಬಣ್ಣ ಬದಲಿಸಿತ್ತು.

ಕೊನೆಯ ದಿನಗಳು

1833ರ ಚಾರ್ಟರ್ ಕಾಯ್ದೆಯಿಂದ ಬೆಂಟಿಂಕರು ಇಡೀ ಭಾರತದ ಮೊದಲ ಗವರ್ನರ್ ಜನರಲ್ ಎನಿಸಿದರು. ಅದೇ ಕಾಯ್ದೆ ಬಾಗಿಲು ಸಡಿಲಿಸಿದ ಮೇಲೆಯೇ ಬಾಸೆಲ್ ಮಿಷನ್ನಿನ ಮೊದಲ ಸೇವಕರು 1834ರ ಅಕ್ಟೋಬರಿನಲ್ಲಿ ಮಂಗಳೂರಿಗೆ ಬಂದರು. ಭಾರತೀಯರಿಗೆ ನ್ಯಾಯಾಂಗದಲ್ಲಿ ಹೆಚ್ಚಿನ ಹುದ್ದೆಗಳು ದೊರೆತವು. 1835ರಲ್ಲಿ ಕಲ್ಕತ್ತೆಯಲ್ಲಿ ವೈದ್ಯಕೀಯ ಕಾಲೇಜು ಆರಂಭವಾಯಿತು; ಇಂಗ್ಲಿಷ್ ಶಿಕ್ಷಣಕ್ಕೆ ಸರ್ಕಾರದ ಹಣ ಸಲ್ಲಬೇಕೆಂಬ ನಿರ್ಣಯವೂ ಆಯಿತು. ಭಾರತೀಯ ಸಿಪಾಯಿಗಳಿಗೆ ಚಾಟಿಯೇಟಿನ ಶಿಕ್ಷೆಯನ್ನು ಅವರು ರದ್ದುಪಡಿಸಿದ್ದೂ ಅದೇ ವರ್ಷ. ವೆಲ್ಲೂರಿನಲ್ಲಿ ಪೇಟ ಬೇಡವೆಂದವರ ಬೆನ್ನಿನ ಮೇಲೆ ಬಿದ್ದ ಏಟುಗಳಿಗೆ ಇಪ್ಪತ್ತೊಂಬತ್ತು ವರ್ಷಗಳ ನಂತರ ಸಂದ ಉತ್ತರವಿದು ಎಂದು ನಮಗೆ ತೋರಿದರೆ ತಪ್ಪಲ್ಲ.

ಹೊರಡುವ ಮುನ್ನ ಕಲ್ಕತ್ತೆಯ ಮಿಷನರಿಗಳು ಅವರಿಗೆ ಬೀಳ್ಕೊಡುಗೆಯ ಪತ್ರ ಅರ್ಪಿಸಿದರು. ಅವರ ನಂಬಿಕೆಯನ್ನೇ ಹಂಚಿಕೊಂಡಿದ್ದ ಬೆಂಟಿಂಕರು ಉತ್ತರದಲ್ಲಿ ಒತ್ತಿ ಹೇಳಿದ್ದು ಸರ್ಕಾರ ಎಲ್ಲ ಮತಗಳ ವಿಷಯದಲ್ಲಿ ಕಟ್ಟುನಿಟ್ಟಾಗಿ ತಟಸ್ಥವಾಗಿರಬೇಕೆಂಬುದನ್ನು. ಅಧಿಕಾರದ ಬಲದಿಂದ ನಂಬಿಕೆ ಹರಡುತ್ತದೆಂಬ ಸಂಶಯ ಎಷ್ಟು ರಕ್ತ ಸುರಿಸಬಲ್ಲದೆಂದು ಅವರು ಯೌವನದಲ್ಲಿಯೇ ಕಂಡಿದ್ದರು.

1835ರ ಮಾರ್ಚಿನಲ್ಲಿ ಅವರು ಭಾರತ ಬಿಟ್ಟರು. ಊರಿಗೆ ಮರಳಿದ ಮೇಲೆ ದೊರೆತ ಪ್ರಭುಪದವಿಯನ್ನು ನಿರಾಕರಿಸಿ, ಗ್ಲಾಸ್ಗೋ ನಗರದಿಂದ ಆಯ್ಕೆಯಾಗಿ ಪಾರ್ಲಿಮೆಂಟಿನ ಸಾಮಾನ್ಯರ ಸಭೆಯಲ್ಲಿ ಕುಳಿತರು. 1839ರ ಜೂನ್ 17ರಂದು ಪ್ಯಾರಿಸ್ಸಿನಲ್ಲಿ ನಿಧನರಾದರು. ಅವರ ಕಂಚಿನ ಪ್ರತಿಮೆ ಇಂದು ಕೋಲ್ಕತ್ತದ ವಿಕ್ಟೋರಿಯಾ ಸ್ಮಾರಕದ ಆವರಣದಲ್ಲಿದೆ. ಪೀಠದ ಉಬ್ಬುಶಿಲ್ಪದಲ್ಲಿ ಸತಿಯ ದೃಶ್ಯವಿದೆ. ಮೆಕಾಲೆ ಬರೆದ ಪ್ರಶಂಸೆಯ ಶಾಸನವಿದೆ.

ವೆಲ್ಲೂರಿನಲ್ಲಿ ಕೇಳಲಿಲ್ಲ, ಕಲ್ಕತ್ತೆಯಲ್ಲಿ ಕೇಳಿದರು, ಮೈಸೂರಿನಲ್ಲಿ ಮತ್ತೆ ಕೇಳಲಿಲ್ಲ. ಮನುಷ್ಯ ಒಮ್ಮೆ ಕಲಿತ ಪಾಠ ಶಾಶ್ವತವಾಗಿ ಅವನದಾಗುವುದಿಲ್ಲ. ಮುಂದಿನ ಸಂದರ್ಭ ಬಂದಾಗ ಅದನ್ನು ಮತ್ತೆ ಕಲಿಯಬೇಕಾಗುತ್ತದೆ. ನಮ್ಮ ಕೈಯಲ್ಲಿ ಸಾಮ್ರಾಜ್ಯವಿಲ್ಲ. ಆದರೆ ಮನೆಯ ಯಜಮಾನಿಕೆಯಿದೆ, ಸಂಘದ ಅಧ್ಯಕ್ಷತೆಯಿದೆ, ಶಾಲೆಯ ಮೇಜಿದೆ. ದೂರು ತಂದವರ ಮಾತನ್ನಷ್ಟೇ ಕೇಳಿ, ದೂರಿಗೊಳಗಾದವರನ್ನು ಕರೆಸದೆ ತೀರ್ಪು ಕೊಡುವ ಆತುರ ನಮಗೆಲ್ಲ ಪರಿಚಿತವೇ. ತಪ್ಪಿದೆನೇನೋ ಎಂಬ ಸಂದೇಹವನ್ನು ಬೆಂಟಿಂಕರು ತಮ್ಮ ಮೇಲಿನವರಿಗೆ ಬರೆದು ತಿಳಿಸಿದರು, ಅದು ದೊಡ್ಡದು. ಆದರೆ ಆ ಪತ್ರ ಹಡಗೇರುವ ಹೊತ್ತಿಗೆ ಮೈಸೂರಿನ ಅರಸರು ಅಧಿಕಾರ ಕಳೆದುಕೊಂಡು ಎರಡು ವರ್ಷಗಳಿಗೂ ಮೇಲಾಗಿತ್ತು.